ಹತ್ತಕ್ಕೆ ಹನ್ನೊಂದು ಕೊಟ್ಟ ಯಂತ್ರ

"ಇನ್ನ ಮ್ಯಾಲೆ ಕಾರ್ಡ್ ಮುಂಬೈಗೆ ಕಳಸೋದು ಬ್ಯಾಡ, ಅಮೆರಿಕಾಕ್ಕೂ ಬ್ಯಾಡ" ಎಂದು ಸಿದ್ರಾಮಪ್ಪ ಕಾಕಾ ಯಂತ್ರದ ಮೇಲಿನ ಬೆಡ್‌ಶೀಟು ಎಳೆದರು.

ಕೂದಲು ಕಟಿಂಗ್ ಅಂಗಡಿಯ ಹಳೇ ಕುರ್ಚಿ, ಅದರ ಮುಂದೆ ಹೊಲಿಗೆ ಯಂತ್ರದ ಮೇಜು, ಮೇಜಿನ ನಡುವೆ ಒಂದು ಸ್ಟೀಲ್ ತಟ್ಟೆ. ತಟ್ಟೆಯ ಆಚೆ ಈಚೆ ಕೈ ಇಡಲು ಎರಡು ಹಿತ್ತಾಳೆ ಹಲಗೆ. ಮೇಲಿಂದ ಇಳಿಬಿದ್ದ ಒಂದು ಕೊಳವೆ. ಎದುರಿಗೆ ಗೋಡೆ ಗಡಿಯಾರದ ಮುಖ, ಅದರಲ್ಲಿ ಸೊನ್ನೆಯಿಂದ ಹತ್ತರವರೆಗೆ ಅಂಕಿ, ಒಂದೇ ಮುಳ್ಳು. ಕಾಕಾ ರೈಲ್ವೆಯಲ್ಲಿ ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿ ನಿವೃತ್ತರಾದವರು, ನಮ್ಮ ಪಕ್ಕದ ಮನೆಯವರು. ಅವರು ಏನು ಮಾಡಿದರೂ ಅದಕ್ಕೊಂದು ಮುಳ್ಳು ಇದ್ದೇ ಇರುತ್ತದೆ.

ನಮ್ಮದು ಹುಬ್ಬಳ್ಳಿಯ ಕ್ರಿಕೆಟ್ ಕಾರ್ಡ್ ಸಂಗ್ರಾಹಕರ ಸಂಘ. ಇಪ್ಪತ್ತಾರು ಮಂದಿ. ನಾವು ಹುಡುಗರಿದ್ದಾಗ ಚೂಯಿಂಗ್ ಗಮ್ ಪೊಟ್ಟಣದೊಳಗೆ ಆಟಗಾರರ ಚಿತ್ರದ ಕಾರ್ಡ್ ಬರುತ್ತಿತ್ತು. ಗಮ್ ಜಗಿದು ಉಗಿದೆವು, ಕಾರ್ಡ್ ಎತ್ತಿಟ್ಟೆವು. ಈಗ ಐವತ್ತು ದಾಟಿದ ಮೇಲೆ ಯಾರ ಕಾರ್ಡ್ ಹೆಚ್ಚು ಚೊಕ್ಕ ಎಂದು ಜಗಳವಾಡುತ್ತೇವೆ. ವರ್ಷಕ್ಕೊಮ್ಮೆ ವಾಚನಾಲಯದ ಹಾಲ್‌ನಲ್ಲಿ ಪ್ರದರ್ಶನ. ಎಲ್ಲಕ್ಕಿಂತ ಹೆಚ್ಚು ದರ್ಜೆ ಪಡೆದ ಕಾರ್ಡ್ ಬಾಗಿಲ ಬಳಿಯ ಗಾಜಿನ ಪೆಟ್ಟಿಗೆಯಲ್ಲಿ ಒಂದೇ ಕೂರುತ್ತದೆ. ಉಳಿದವೆಲ್ಲ ಒಳಗೆ, ಫ್ಯಾನಿನ ಕೆಳಗೆ.

ಮೂರು ವರ್ಷದಿಂದ ಆ ಪೆಟ್ಟಿಗೆಯಲ್ಲಿ ಮಹಾರುದ್ರ ಬೆಟಗೇರಿಯ ಕಾರ್ಡ್ ಇತ್ತು. ಮಹಾರುದ್ರ ನನ್ನ ಶಾಲೆಯ ಗೆಳೆಯ, ಪಾತ್ರೆ-ಭಾಂಡೆ ಅಂಗಡಿಯ ಮಾಲಕ. ಅವನದು ಎಡಗೈ ಸ್ಪಿನ್ನರ್ ಒಬ್ಬನ ಕಾರ್ಡ್. ಅಚ್ಚು ಹಾಕುವವರು ಫೋಟೋ ತಿರುವಿ ಹಾಕಿ ಅವನನ್ನು ಬಲಗೈಯವನನ್ನಾಗಿ ಮಾಡಿದ್ದರು. ಅಂಥ ತಪ್ಪು ಕಾರ್ಡ್ ಹುಬ್ಬಳ್ಳಿಯಲ್ಲಿ ಒಂದೇ ಇದೆ. ಅದು ಅವನ ಹತ್ತಿರವೇ ಯಾಕೆ ಇರಬೇಕು ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.

ನನ್ನದು ಮೀಸಲು ವಿಕೆಟ್ ಕೀಪರ್ ಒಬ್ಬನ ಕಾರ್ಡ್. ಮೂಲೆಗಳು ಸವೆದಿವೆ, ನಡುವೆ ಒಂದು ಮಡಿಕೆ. ಹಿಂಬದಿಯಲ್ಲಿ ನೀಲಿ ಶಾಯಿಯಲ್ಲಿ "ಚನ್ನವೀರನಿಗೆ" ಎಂದು ಬರೆದು ಅವನೇ ಸಹಿ ಹಾಕಿದ್ದಾನೆ. ನನಗೆ ಹನ್ನೆರಡು ವರ್ಷವಿದ್ದಾಗ ಅವನು ಹುಬ್ಬಳ್ಳಿಗೆ ಪಂದ್ಯ ಆಡಲು ಬಂದಿದ್ದ. ಕಾರ್ಡ್ ಪರೀಕ್ಷಿಸಿ ಹತ್ತಕ್ಕೆ ಇಷ್ಟು ಎಂದು ದರ್ಜೆ ಕೊಡುವ ಮುಂಬೈ ಕಂಪನಿ ಇದನ್ನು ಐದು ತಿಂಗಳು ಇಟ್ಟುಕೊಂಡು, "ಹಿಂಬದಿ ಗೀಚಲಾಗಿದೆ" ಎಂದು ಒಂದೂವರೆ ಕೊಟ್ಟು ಕಳಿಸಿತು. ಅಮೆರಿಕದ ಕಂಪನಿಗೆ ಕಳಿಸಿದರೆ, ಅವನನ್ನು ಬೇಸ್‌ಬಾಲ್ ಆಟಗಾರನೆಂದೇ ತಿಳಿದು, ಒಂದೇ ಕೈಗೆ ಇರಬೇಕಾದ ಗ್ಲೌಸ್ ಎರಡೂ ಕೈಗೆ ಇರುವುದರಿಂದ ಕಾರ್ಡ್ ನಕಲಿ ಎಂದು ಬರೆದರು. ಸಂಘದ ದರ್ಜೆ ಸಮಿತಿಯಲ್ಲಿ ಮೂವರು. ಅದರಲ್ಲಿ ಇಬ್ಬರು ಮಹಾರುದ್ರನ ಬೀಗರು.

ಹೀಗಾಗಿ ಈ ಸಲ ಕಾಕಾನ ಯಂತ್ರವೇ ಆಗಲಿ ಎಂದು ಸಭೆಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತಿದವನು ನಾನು.

"ಲೇ ಚನ್ನವೀರಾ, ನೀ ಕುಂದ್ರು ಬಾ" ಎಂದರು ಕಾಕಾ. "ಎರಡೂ ಕೈ ಹಿತ್ತಾಳಿ ಮ್ಯಾಲೆ ಇಡು. ಕಾರ್ಡ್ ನೋಡಕೋಂತ ಸುಮ್ನಿರು."

"ನಾ ಯಾಕ ಕುಂದ್ರಬೇಕು ಕಾಕಾ? ನೋಡೂದು ಮಿಷನ್ ಅಲ್ಲ?"

"ಕರೆಂಟಿಗೆ ಅರ್ಥಿಂಗ್ ಬೇಕಾಕೈತಿ. ಕುಂದ್ರು."

ತಟ್ಟೆಯಲ್ಲಿ ಮಹಾರುದ್ರನ ಸ್ಪಿನ್ನರ್ ಇಟ್ಟರು. ಮುಳ್ಳು ಒಂದು ಸಲ ನಡುಗಿತು, ಆಮೇಲೆ ಸರ್ರನೆ ಹೋಗಿ ಹತ್ತಕ್ಕೆ ಬಡಿಯಿತು. ಮೇಲಿನ ಕೊಳವೆ ಇಳಿದು ಬಂದು ಕಾರ್ಡಿನ ಮೇಲೆ ಗಾಜಿನಂಥ ಅಂಟು ಸುರಿಯಿತು. ಎರಡು ನಿಮಿಷದಲ್ಲಿ ಅದು ಕಲ್ಲಾಯಿತು. ಒಂಬತ್ತು ದಾಟಿದ ಕಾರ್ಡನ್ನು ಯಂತ್ರ ತಾನೇ ಹೀಗೆ ಭದ್ರ ಮಾಡುತ್ತದೆ ಎಂದು ಕಾಕಾ ವಿವರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಹಾರುದ್ರ ನನ್ನ ಕಡೆ ನೋಡಿ ನಕ್ಕ. ಅವನು ನಕ್ಕರೆ ಅವನ ಚಿನ್ನದ ಹಲ್ಲು ಕಾಣುತ್ತದೆ. ಅದೂ ನನ್ನ ಬಳಿ ಇಲ್ಲ.

ನನ್ನ ಕೀಪರ್ ಇಟ್ಟಾಗ ಮುಳ್ಳು ಒಂದೂವರೆಗೆ ಏರಿ, ಯೋಚನೆ ಮಾಡಿ, ಒಂದಕ್ಕೆ ಇಳಿಯಿತು.

ಮುಂದಿನ ಭಾನುವಾರದಿಂದ ಗದಗ, ಧಾರವಾಡ, ಬೆಳಗಾವಿಯಿಂದೆಲ್ಲ ಜನ ಕಾರ್ಡ್ ಹಿಡಿದುಕೊಂಡು ಕಾಕಾನ ಮನೆಗೆ ಬರತೊಡಗಿದರು. ದರ್ಜೆಗಳು ಚೆನ್ನಾಗಿಯೇ ಬರುತ್ತಿದ್ದವು. ಒಳ್ಳೆಯ ಕಾರ್ಡಿಗೆ ಎಂಟು, ಅಪರೂಪದ್ದಕ್ಕೆ ಒಂಬತ್ತು. ಕುರ್ಚಿಯಲ್ಲಿ ಮಾತ್ರ ಪ್ರತಿ ಸಲ ನಾನೇ ಕೂರಬೇಕು. "ನಿಂದು ಮೈ ಛಲೋ ಅರ್ಥಿಂಗ್ ಐತಿ" ಎಂದು ಕಾಕಾ ಹೇಳಿದ್ದರಿಂದ ನಾನೂ ಸ್ವಲ್ಪ ಉಬ್ಬಿದ್ದೆ.

ಮೊದಲ ಎಡವಟ್ಟು ಗದಗಿನವನೊಬ್ಬನಿಂದ ಆಯಿತು. ಅವನು ಚೀಲದಿಂದ ಕಾರ್ಡ್ ತೆಗೆಯುವಾಗ ಹೊಸ ಕಾರಿನ ಕೀಲಿಕೈಯನ್ನು ತಟ್ಟೆಯ ಮೇಲೆ ಇಟ್ಟ. ಮುಳ್ಳು ಎಂಟೂವರೆಗೆ ಹೋಯಿತು.

"ಧೂಳು ಕುಂತೈತಿ" ಎಂದು ಕಾಕಾ ತಟ್ಟೆ ಒರೆಸಿದರು.

ಎರಡನೆಯದು ಮಹಾರುದ್ರನಿಂದ. ಮಗಳ ಮದುವೆಯ ಆಮಂತ್ರಣ ಕೊಡಲು ಬಂದವನು ಲಕೋಟೆಯನ್ನು ನನ್ನ ಮುಂದೆ ಇಟ್ಟ. ದಪ್ಪ ಕಾಗದ, ಬಂಗಾರದ ಅಂಚು, ಮೇಲೆ ಕಲ್ಯಾಣ ಮಂಟಪದ ಚಿತ್ರ. ನನ್ನ ಮಗಳ ಮದುವೆಯನ್ನು ನಾವು ಮನೆಯ ಮುಂದೆ ಶಾಮಿಯಾನ ಹಾಕಿ ಮುಗಿಸಿದ್ದೆವು. ಮುಳ್ಳು ಒಂಬತ್ತೂಮುಕ್ಕಾಲು ಮುಟ್ಟಿತು, ಕೊಳವೆ ಇಳಿಯಿತು, ಆಮಂತ್ರಣ ಲಕೋಟೆ ಸಮೇತ ಭದ್ರವಾಯಿತು. ಮದುವೆ ಯಾವ ದಿನ ಎಂದು ಓದುವ ದಾರಿಯೇ ಉಳಿಯಲಿಲ್ಲ.

"ನೀ ಬರದಿದ್ರೂ ನಡೀತೈತಿ ಅನಸ್ತೈತಿ ಮಿಷನ್ನಿಗೆ" ಎಂದ ಮಹಾರುದ್ರ.

ಮೂರನೆಯದು ಹೋಳಿಗೆ. ಮಹಾರುದ್ರನ ಹೆಂಡತಿ ಎಲ್ಲರಿಗೂ ಎಂದು ಶೇಂಗಾ ಹೋಳಿಗೆ ಕಳಿಸಿದ್ದಳು. ಯಾರೋ ಒಂದನ್ನು ತಟ್ಟೆಯ ಮೇಲಿಟ್ಟರು. ಒಂಬತ್ತೂಕಾಲು. ಹೋಳಿಗೆ ಅಂಟಿನೊಳಗೆ ಸೇರಿ ಕಲ್ಲಾಯಿತು. ನನ್ನ ಹೆಂಡತಿ ಅನಸೂಯಾ ಅಲ್ಲೇ ನಿಂತಿದ್ದಳು. ಅವಳು ಮನೆಗೆ ಹೋಗಿ, ಬೆಳಿಗ್ಗೆ ತಾನು ಮಾಡಿದ್ದ ಹೋಳಿಗೆ ತಂದು ಇಟ್ಟಳು.

ಎರಡು.

"ಸಕ್ರಿ ಕಡಿಮಿ ಆಗಿರಬೇಕು" ಎಂದೆ ನಾನು. ಅದು ಹೇಳಬಾರದ ಮಾತಾಗಿತ್ತು.

"ಏಳ್ರಿ ಮೊದಲ" ಎಂದಳು ಅನಸೂಯಾ. ನನ್ನನ್ನು ಎಬ್ಬಿಸಿ ತಾನು ಕೂತಳು. "ಈಗ ಇಡ್ರಿ ಕಾಕಾ, ಒಂದೊಂದಾಗಿ ಎಲ್ಲಾ ಇಡ್ರಿ."

ಯಾರದೋ ಕಾರಿನ ಕೀಲಿಕೈಗೆ ಸೊನ್ನೆ. ಸ್ಪಿನ್ನರ್ ಕಾರ್ಡಿಗೆ ಸೊನ್ನೆ. ಮಹಾರುದ್ರನ ಮನೆಯ ಹೋಳಿಗೆಗೆ ಮಾತ್ರ ಅರ್ಧ. ಅದನ್ನು ಕಂಡು ಅವಳು ಬೇಗ ಕೈ ತೆಗೆದಳು.

"ಕಾಕಾ, ಖರೆ ಹೇಳ್ರಿ. ಈ ಮಿಷನ್ ಏನು ಅಳೀತೈತಿ?"

ಕಾಕಾ ಕನ್ನಡಕ ತೆಗೆದು ಒರೆಸಿದರು. "ಇದು ಕಾರ್ಡ್ ನೋಡಂಗಿಲ್ಲವ್ವಾ, ಕಾರ್ಡ್ ನೋಡಾವರನ್ನ ನೋಡತೈತಿ. ಮಂದಿ ಮೂಲಿ ಚೊಕ್ಕ ಐತೇನು, ಅಂಚು ಸರಿ ಐತೇನು ಅಂತ ಭೂತಗನ್ನಡಿ ಹಿಡೀತಾರ. ಆದ್ರ ಯಾರಾದ್ರೂ ಕಾರ್ಡ್ ಇಟಗೊಳ್ಳೋದು ಅದರ ಮೂಲಿ ಸಲುವಾಗಿ ಏನು? ಮತ್ತೊಬ್ಬ ನೋಡಿ ಹೊಟ್ಟಿ ಉರಕೋಬೇಕು, ಅದಕ್ಕ. ಹಿಂಗಾಗಿ ನಾ ಹೊಟ್ಟಿಕಿಚ್ಚನ್ನ ನೇರ ಅಳಿಯೂ ಹಂಗ ಮಾಡೀನಿ."

"ಮತ್ತ ಇವರನ್ನ ಯಾಕ ಕೂಡಿಸ್ತೀರಿ?"

"ಆರು ತಿಂಗಳು ಓಣ್ಯಾಗಿನ ಮಂದೀನೆಲ್ಲಾ ಕೂಡಿಸಿ ನೋಡಿದೆ. ಯಾರು ಕುಂತ್ರೂ ಮುಳ್ಳು ಎರಡು ದಾಟಲಿಲ್ಲ. ಕೆಟ್ಟೈತಿ ಅಂತ ಬಿಚ್ಚೋಕ ಹೊಂಟಿದ್ದೆ. ಅಷ್ಟರಾಗ ಇಂವ ಸಕ್ರಿ ಕೇಳಾಕ ಬಂದು ಈ ಕುರ್ಚಿ ಮ್ಯಾಲೆ ಕುಂತ. ಕಿಟಕ್ಯಾಗ ಮಹಾರುದ್ರನ ಗಾಡಿ ಹೋತು. ಮುಳ್ಳು ಒಂಬತ್ತಕ್ಕ ಹೋತು ನೋಡು."

ಕೋಣೆಯಲ್ಲಿ ಹದಿನೈದು ಮಂದಿ ಇದ್ದರು. ಯಾರೂ ನಗಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ನಾನು ಚಪ್ಪಲಿ ಹಾಕಿಕೊಂಡು ಮನೆಗೆ ಬಂದೆ. ಎಡಗಾಲಿನದು ನನ್ನದು, ಬಲಗಾಲಿನದು ಬೇರೆ ಯಾರದೋ. ಅದು ನನ್ನದಕ್ಕಿಂತ ಒಳ್ಳೆಯದಿತ್ತು.

ಯಂತ್ರವನ್ನು ಬಿಟ್ಟು ಮತ್ತೆ ಮುಂಬೈಗೆ ಕಳಿಸೋಣ ಎಂದು ನಾನು ಸಂಘಕ್ಕೆ ಪತ್ರ ಬರೆದೆ. ಸಂಘ ಒಪ್ಪಲಿಲ್ಲ. ಯಂತ್ರದ ಗುಟ್ಟು ತಿಳಿದ ಮೇಲೆ ಅದರ ಮೇಲೆ ಎಲ್ಲರಿಗೂ ನಂಬಿಕೆ ಇನ್ನೂ ಹೆಚ್ಚಾಗಿತ್ತು. "ಮುಂಬೈಯಾಗಿನವ್ರಿಗೆ ನಿಮ್ಮಷ್ಟು ಕಾರ್ಡ್ ತಿಳಿಯಂಗಿಲ್ಲ ಬಿಡ್ರಿ" ಎಂದು ಅಧ್ಯಕ್ಷರು ಮನೆಗೇ ಬಂದು ಹೊಗಳಿದರು. ಅದು ಹೊಗಳಿಕೆ ಎಂದೇ ತಿಳಿದುಕೊಂಡೆ.

ಪ್ರದರ್ಶನದ ಬೆಳಿಗ್ಗೆ ಯಂತ್ರವನ್ನು ವಾಚನಾಲಯದ ಹಾಲ್‌ಗೆ ಸಾಗಿಸಿದ್ದರು. ಗಾಜಿನ ಪೆಟ್ಟಿಗೆಯಲ್ಲಿ ಆಗಲೇ ಸ್ಪಿನ್ನರ್ ಕೂತಿದ್ದ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ನನ್ನ ಕಾರ್ಡಿಗೆ ನಾನ ಹೆಂಗ ಹೊಟ್ಟಿಕಿಚ್ಚು ಪಡ್ಲಿ?" ಎಂದು ಎಲ್ಲರೆದುರು ಕೇಳಿದೆ. "ಎಲ್ಲಾರ ಕಾರ್ಡಿಗೂ ನಾ ಕುಂತೀನಿ. ನನ್ನ ಕಾರ್ಡಿಗೆ ಯಾರು ಕುಂತಾರ? ಇದು ನ್ಯಾಯ ಏನು?"

ನ್ಯಾಯವಲ್ಲ ಎಂದು ಅಧ್ಯಕ್ಷರು ಒಪ್ಪಿದರು. ನನ್ನ ಕೀಪರನನ್ನು ತಟ್ಟೆಯಲ್ಲಿಟ್ಟು ತಾವೇ ಕೂತರು. ಮುಕ್ಕಾಲು. ಕಾಕಾ ಯಂತ್ರದ ಬೆನ್ನಿಗಿದ್ದ ಗುಂಡಿಯೊಂದನ್ನು ತಿರುಗಿಸಿ ಶಕ್ತಿ ಏರಿಸಿದರು. ಕಾರ್ಯದರ್ಶಿ ಕೂತರು. ಒಂದು. ಕಾಕಾ ಇನ್ನೂ ತಿರುಗಿಸಿದರು. ಖಜಾಂಚಿ ಕೂತರು, ಅವರಿಗೂ ಒಂದೇ. ಗುಂಡಿ ಪೂರ್ತಿ ತಿರುಗಿ ನಿಂತಿತು. ನನ್ನ ಕಾರ್ಡಿಗೆ ಹೊಟ್ಟೆ ಉರಿದುಕೊಳ್ಳುವ ಒಬ್ಬ ಮನುಷ್ಯನೂ ಇಡೀ ಹುಬ್ಬಳ್ಳಿಯಲ್ಲಿ ಇಲ್ಲವೇ?

"ಮಹಾರುದ್ರ ಅಣ್ಣಾರ ಕುಂತಿಲ್ಲ" ಎಂದಳು ಅನಸೂಯಾ.

"ನನಗ ಬ್ಯಾಡವ್ವಾ, ಅಂಗಡಿ ತಗೀಬೇಕು" ಎಂದ ಅವನು. ಅಂದು ಭಾನುವಾರ, ಅವನ ಅಂಗಡಿಗೆ ರಜೆ.

"ಒಂದ ನಿಮಿಷ ರೀ. ಇವರ ಸಮಾಧಾನಕ್ಕ."

ಮಹಾರುದ್ರ ಒಲ್ಲದ ಮನಸ್ಸಿನಿಂದ ಕೂತ. ಹಿತ್ತಾಳೆ ಹಲಗೆಯ ಮೇಲೆ ಕೈ ಇಟ್ಟ. ಮುಳ್ಳು ಅಲುಗಲಿಲ್ಲ. ಅವನು ಕಾರ್ಡಿನ ಕಡೆ ನೋಡುತ್ತಲೇ ಇರಲಿಲ್ಲ, ಛಾವಣಿ ನೋಡುತ್ತಿದ್ದ.

"ಕಾರ್ಡ್ ನೋಡೋ" ಎಂದೆ.

ಅವನು ನೋಡಿದ. ಆಮೇಲೆ ಎರಡೂ ಕೈಯಲ್ಲಿ ಅದನ್ನೆತ್ತಿ ಹಿಂಬದಿ ತಿರುವಿದ. ಹಿತ್ತಾಳೆ ಬಿಟ್ಟಿದ್ದರೂ ಅವನ ಮೊಣಕೈ ಹಲಗೆಗೆ ತಾಗಿತ್ತು. ಮುಳ್ಳು ಐದು, ಎಂಟು, ಹತ್ತು ದಾಟಿ, ಅಂಕಿಯೇ ಇಲ್ಲದ ಜಾಗಕ್ಕೆ ಹೋಗಿ ಬಾಗಿ ನಿಂತಿತು. ಹನ್ನೊಂದು ಎಂದು ಕಾಕಾ ಅಂದಾಜು ಹೇಳಿದರು.

"ಅವತ್ತು ನಮ್ಮಪ್ಪ ನನ್ನನ್ನ ಅಂಗಡ್ಯಾಗ ಕೂಡಿಸಿ ಹೋಗಿದ್ದ" ಎಂದ ಮಹಾರುದ್ರ, ಯಾರಿಗೂ ಅಲ್ಲ ಎಂಬಂತೆ. "ಕೀಪರ್ ಬರೂ ದಿನ. ಸಂಜಿಕ ನೀ ಓಡಕೋಂತ ಬಂದು ಇದನ್ನ ತೋರಿಸಿದಿ. ನಿನ್ನ ಹೆಸರು ಬರದಿದ್ದ. ನಾ ಆ ಹೊತ್ತಿಗೆ ಕೊಡ ತಿಕ್ಕಾಕತ್ತಿದ್ದೆ. ನೋಡಿ, ಛಲೋ ಐತಿ ಅಂದೆ. ಆಮ್ಯಾಲೆ ಎಂಥೆಂಥಾ ಕಾರ್ಡ್ ಕೊಂಡೆ, ಇದನ್ನ ಮಾತ್ರ ಕೊಳ್ಳಾಕ ಬರಂಗಿಲ್ಲಲ್ಲ."

ನಲವತ್ತು ವರ್ಷ ಅವನ ಮೇಲೆ ನಾನು ಹೊಟ್ಟೆ ಉರಿದುಕೊಂಡಿದ್ದೆ. ಅಷ್ಟೂ ವರ್ಷ ಅವನೂ ಅದನ್ನೇ ಮಾಡುತ್ತಿದ್ದ, ನನಗಿಂತ ಚೆನ್ನಾಗಿ. ಸಂತೋಷಕ್ಕೆ ನನ್ನ ಕಣ್ಣು ತುಂಬಿತು.

ಅಷ್ಟರಲ್ಲಿ ಕೊಳವೆ ಇಳಿಯಿತು.

ಗುಂಡಿ ಪೂರ್ತಿ ತಿರುಗಿದ್ದನ್ನು ಕಾಕಾ ಮರೆತಿದ್ದರು. ಕೊಡಗಟ್ಟಲೆ ಅಂಟು ಸುರಿಯಿತು. ಕಾರ್ಡ್, ಅದನ್ನು ಹಿಡಿದ ಹತ್ತು ಬೆರಳು, ಮುಂಗೈ, ಸ್ಟೀಲ್ ತಟ್ಟೆ ಎಲ್ಲ ಸೇರಿ ಕುಂಬಳಕಾಯಿ ಗಾತ್ರದ ಒಂದು ಗಾಜಿನ ಗುಂಡಾಯಿತು. ಅಂಟು ಬಿಸಿ ಇರಲಿಲ್ಲ, ನೋವೂ ಇರಲಿಲ್ಲ. ಕೈ ಮಾತ್ರ ಬರಲಿಲ್ಲ. ಎಣ್ಣೆ ಹಚ್ಚಿದರು, ಸುತ್ತಿಗೆಯಲ್ಲಿ ತಟ್ಟಿದರು. "ಸಂಜಿಕ ತಾನ ಮೆತ್ತಗಾಗತೈತಿ" ಎಂದು ಕಾಕಾ ಹೇಳಿ, ಆಮೇಲೆ ಸಣ್ಣ ದನಿಯಲ್ಲಿ "ಆಗಬೇಕು" ಎಂದು ಸೇರಿಸಿದರು.

ಸಮಿತಿ ಅಲ್ಲೇ ನಿಂತು ಸಭೆ ಮಾಡಿತು. ಹೆಚ್ಚಿನ ದರ್ಜೆ ಪಡೆದ ಕಾರ್ಡ್ ಬಾಗಿಲ ಬಳಿ ಇರಬೇಕು, ಅದು ನಿಯಮ. ಗಾಜಿನ ಪೆಟ್ಟಿಗೆ ಸರಿಸಿ ಆ ಜಾಗದಲ್ಲಿ ಕುರ್ಚಿ ಹಾಕಿ ಮಹಾರುದ್ರನನ್ನು ಕೂಡಿಸಿದರು. ಅವನ ತೊಡೆಯ ಮೇಲೆ ಗುಂಡು, ಗುಂಡಿನೊಳಗೆ ನನ್ನ ಕೀಪರ್. ಪಕ್ಕದಲ್ಲಿ ಚೀಟಿ: "ಮಾಲಕರು: ಚನ್ನವೀರ ಮುಳಗುಂದ. ದರ್ಜೆ: ಹನ್ನೊಂದು." ಹತ್ತು ಗಂಟೆಗೆ ಬಾಗಿಲು ತೆರೆಯಿತು.

ಚಹಾ ಬಂದಾಗ ಅವನಿಗೆ ಕುಡಿಯಲು ಕೈ ಇರಲಿಲ್ಲ. ನಾನೇ ಕಪ್ಪಿನಿಂದ ಬಸಿಗೆ ಸುರಿದು, ಊದಿ, ಅವನ ಬಾಯಿಗೆ ಹಿಡಿದೆ.

"ಸಕ್ರಿ ಕಡಿಮಿ ಐತಿ" ಎಂದ.

"ಕುಡಿ ಸುಮ್ನ" ಎಂದೆ.

ಅಂಟು ಸಂಜೆ ಆರಕ್ಕೆ ಮೆತ್ತಗಾಯಿತು. ಅಷ್ಟರಲ್ಲಿ ಸುದ್ದಿ ಹರಡಿ ಊರೆಲ್ಲ ಬಂದು ಹೋಗಿತ್ತು. ಮರುದಿನದ ಪತ್ರಿಕೆಯಲ್ಲಿ ಫೋಟೋ ಬಂತು. ಕಾರ್ಡ್ ಸ್ಪಷ್ಟವಾಗಿ ಕಾಣುತ್ತಿತ್ತು. ಮಹಾರುದ್ರ ಅದಕ್ಕಿಂತ ಸ್ಪಷ್ಟವಾಗಿ ಕಾಣುತ್ತಿದ್ದ. ಬಸಿ ಹಿಡಿದ ನನ್ನ ಮೊಣಕೈಯೂ ಬಂದಿತ್ತು.