ಹಾರ್ನ್ ನಿಷೇಧಿಸಿದ ಮಹನೀಯರಿಗೆ, ಬೆರಿಜಾಲ್ ಮೈದಾನದ ಚಹಾ ಕೋಣೆಯಿಂದ

ಮಾನ್ಯರಾದ ಶ್ರೀ ಲಾಕ್ಲನ್ ವಿಟ್ಬಿಯವರಿಗೆ,
ಪ್ರೇಕ್ಷಕ ಅನುಭವ ವ್ಯವಸ್ಥಾಪಕರು, ಡ್ರೈ ಲೇಕ್ ಫುಟ್‌ಬಾಲ್ ಲೀಗ್.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ, ತಮ್ಮ ಕಿವಿಗಳಂತೂ ಪರಮ ಕ್ಷೇಮವೆಂದು ಬಲ್ಲೆ. ಬೆರಿಜಾಲ್‌ನ ನಾವೂ ತಮ್ಮ ಕೃಪೆಯಿಂದ ಸದ್ದಿಲ್ಲದೆ ಕ್ಷೇಮವಾಗಿದ್ದೇವೆ. ನಾನು ಗ್ಲೆನಿಸ್ ಪೆಡ್ಲರ್, ನಮ್ಮ ಕ್ಲಬ್ಬಿನ ಚಹಾ ಕೋಣೆಯಲ್ಲಿ ಶನಿವಾರ ಶನಿವಾರ ಮಾಂಸದ ಪೈ ಬಿಸಿ ಮಾಡಿ ಮಾರುವವಳು. ಜುಲೈನಲ್ಲಿ ತಾವು ದಯಮಾಡಿಸಿದ್ದಾಗ ಜ್ಯಾಮು, ಕೆನೆ ಹಚ್ಚಿದ ಸ್ಕೋನ್ ಬನ್ನನ್ನು ಮುಳ್ಳುಚಮಚದಿಂದ ಚುಚ್ಚಿ ಚುಚ್ಚಿ ತಿಂದಿರಲ್ಲ, ಆ ಸ್ಕೋನ್ ಮಾಡಿದ್ದು ನಾನೇ. ನಮ್ಮೂರಲ್ಲಿ ಅದನ್ನು ಕೈಯಲ್ಲೇ ತಿನ್ನುವುದು ವಾಡಿಕೆಯಾದರೂ, ದೊಡ್ಡವರ ರೀತಿಯೇ ಬೇರೆ ಎಂದು ನಾವು ಯಾರೂ ಬಾಯಿಬಿಡಲಿಲ್ಲ.

ಅಂದು ತಾವು ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಬಣ್ಣಬಣ್ಣದ ಚಿತ್ರಗಳನ್ನು ಮೂಡಿಸಿ, ಗೋಲ್ ಆದಾಗ ಕಾರಿನ ಹಾರ್ನ್ ಒತ್ತುವ ನಮ್ಮ ಚಾಳಿಯಿಂದ ಹೊಸ ಪ್ರೇಕ್ಷಕರು ಹತ್ತಿರ ಸುಳಿಯುತ್ತಿಲ್ಲವೆಂದು ಅಪ್ಪಣೆ ಕೊಡಿಸಿದಿರಿ. ನಿಜ ಹೇಳಬೇಕೆಂದರೆ ಬೆರಿಜಾಲ್‌ಗೆ ಕಡೆಯ ಹೊಸ ಪ್ರೇಕ್ಷಕಿ ಬಂದದ್ದು ಶಾಲೆಯ ಮೇಷ್ಟ್ರು ಮದುವೆಯಾದಾಗ, ಆಕೆಯೂ ಬಂದ ವಾರದಲ್ಲೇ ಹಾರ್ನ್ ಒತ್ತಲು ಕಲಿತಳು. ಅಜ್ಜಂದಿರ ಕಾಲದಿಂದ ನಾವು ಬೆಳಿಗ್ಗೆಯೇ ಬಂದು, ಕಾರುಗಳ ಮೂಗನ್ನು ಮೈದಾನದ ಬೇಲಿಗೆ ತಾಗಿಸಿ ನಿಲ್ಲಿಸಿ, ಮಂಡಿಯ ಮೇಲೊಂದು ಕಂಬಳಿ, ಕೈಯಲ್ಲೊಂದು ಥರ್ಮಾಸ್ ಇಟ್ಟುಕೊಂಡು ಕೂತು, ನಮ್ಮ ಹುಡುಗರು ಗೋಲ್ ಹೊಡೆದ ಕೂಡಲೇ ಮೈದಾನದ ಸುತ್ತ ಎಲ್ಲರೂ ಒಟ್ಟಿಗೆ ಹಾರ್ನ್ ಬಾರಿಸುವುದನ್ನು ಆಟದ ಭಾಗವೆಂದೇ ತಿಳಿದಿದ್ದೆವು. ಎಂಥ ಕಾಡುಜನ ನಾವು! ತಾವು ಬಂದು ಕಣ್ಣು ತೆರೆಸಿದಿರಿ, ಕಿವಿ ಮುಚ್ಚಿಸಿದಿರಿ, ಋತುವಿಗೆ ಇನ್ನೆರಡೇ ಪಂದ್ಯ ಬಾಕಿ ಇರುವಾಗ ನಿಯಮವನ್ನೂ ಜಾರಿಗೆ ತಂದಿರಿ. ಯಾವ ಮೈದಾನದಲ್ಲಿ ಒಂದು ಹಾರ್ನ್ ಕೇಳಿಸಿತೋ ಆ ಮೈದಾನದ ಕ್ಲಬ್ಬಿಗೆ, ಒತ್ತಿದವರು ಯಾರೇ ಆಗಿರಲಿ, ಗೆದ್ದರೂ ಲೀಗ್ ಪಟ್ಟಿಯಲ್ಲಿ ಆ ದಿನದ ಅಂಕಗಳಿಲ್ಲ.

ಆಟವನ್ನು ಸುಧಾರಿಸುವ ಹುಮ್ಮಸ್ಸು ತಮ್ಮೊಬ್ಬರದೇ ಅಲ್ಲವೆಂದು ನಾನು ಬಲ್ಲೆ. ನಗರದ ದೊಡ್ಡ ಲೀಗನ್ನು ಟಿವಿಯಲ್ಲಿ ನೋಡುವವಳು ನಾನು. ಅಲ್ಲಿ ಚೆಂಡು ಕಂಬಕ್ಕೆ ತಗುಲಿತೋ ಇಲ್ಲವೋ ಎಂದು ಚಿತ್ರವನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ತೀರ್ಮಾನಿಸುವಷ್ಟರಲ್ಲಿ ನನ್ನ ಒಲೆಯಲ್ಲಿ ಒಂದು ತಟ್ಟೆ ಸ್ಕೋನ್ ಬೆಂದು ಇಳಿದಿರುತ್ತದೆ. ವರ್ಷಕ್ಕೊಂದು ಸಲ ನಿಯಮ ಬದಲಾಗಿ, ಪಾಪ ಆ ಆಟಗಾರರು ಓಡಬೇಕೋ ನಿಲ್ಲಬೇಕೋ ತಿಳಿಯದೆ ಅಂಪೈರಿನ ಮುಖ ನೋಡುತ್ತಾರೆ. ಮೊದಲು ಆಟದ ನಡುವೆ ಜೂಜಿನ ಜಾಹೀರಾತು ಬರುತ್ತಿತ್ತು, ಈಗ ಜೂಜಿನ ನಡುವೆ ಪುರುಸೊತ್ತಾದಾಗ ಒಂದಿಷ್ಟು ಆಟ ಬರುತ್ತದೆ. ನನ್ನ ಮೊಮ್ಮಗಳು ಆಟಗಾರನ ಹೆಸರು ಹೇಳುವ ಮೊದಲೇ ಅವನ ಮೇಲಿನ ಬಾಜಿಯ ದರ ಹೇಳುತ್ತಾಳೆ. ಇಷ್ಟೆಲ್ಲ ಪ್ರಗತಿ ನಗರಕ್ಕಷ್ಟೇ ಮೀಸಲಾಗಿ ನಾವು ಹಿಂದುಳಿದುಬಿಡುತ್ತೇವೇನೋ ಎಂಬ ಕೊರಗಿತ್ತು, ಅದನ್ನು ತಾವು ನೀಗಿಸಿದಿರಿ.

ಹಾರ್ನ್ ಕಿತ್ತುಕೊಂಡು ಕೈ ಬರಿದು ಮಾಡದೆ, ಬದಲಿಗೆ ಒಂದು ಗೋಲ್ ಸಂಭ್ರಮ ಯಂತ್ರವನ್ನು ಕಂಬಕ್ಕೇರಿಸಿ ಹೋದ ತಮ್ಮ ಔದಾರ್ಯವನ್ನು ಹೇಗೆ ಹೊಗಳಲಿ! ಗೋಲ್ ಅಂಪೈರು ಆರು ಅಂಕದ ಗೋಲಿಗೆ ಎರಡು ಬಿಳಿ ಬಾವುಟ, ಚೆಂಡು ಗುರಿ ತಪ್ಪಿ ಪಕ್ಕದ ಕಂಬಗಳ ನಡುವೆ ನುಸುಳಿದರೆ ಸಿಗುವ ಒಂದೇ ಅಂಕಕ್ಕೆ ಒಂದು ಬಾವುಟ ಬೀಸುತ್ತಾನಷ್ಟೆ. ಎರಡು ಬಾವುಟ ಕ್ಯಾಮೆರಾ ಕಣ್ಣಿಗೆ ಬಿದ್ದ ಕ್ಷಣ ಯಂತ್ರ ತಾನೇ ತಾನಾಗಿ ಕೂಗಿ, ಚಪ್ಪಾಳೆ ತಟ್ಟಿ, ವಾದ್ಯ ಬಾರಿಸುತ್ತದೆ ಎಂದಿರಿ. ಅದು ಕುಡಿಯುವುದಿಲ್ಲ, ಅಂಪೈರನ್ನು ಬೈಯುವುದಿಲ್ಲ, ಪೈ ಸಾಲ ಕೇಳುವುದಿಲ್ಲ, ಅಂಥ ಅಭಿಮಾನಿ ನಮ್ಮೂರಿನಲ್ಲಿ ಹುಟ್ಟಿಯೇ ಇರಲಿಲ್ಲ.

ಅದರ ಮೊದಲ ಪ್ರದರ್ಶನದ ವರದಿ ತಮಗೆ ತಲುಪಿದೆಯೋ ಇಲ್ಲವೋ. ಆ ಶನಿವಾರ ಆಟಕ್ಕೆ ಮುಂಚೆ, ಆ ವಾರ ತೀರಿಕೊಂಡ ಕ್ಲ್ಯಾರಿ ಬೋಥ್‌ಗಾಗಿ ಒಂದು ನಿಮಿಷದ ಮೌನ ಇಟ್ಟುಕೊಂಡಿದ್ದೆವು. ಜೀವಮಾನವಿಡೀ ಆ ಮೈದಾನದ ಹುಲ್ಲು ಕತ್ತರಿಸಿದ ಮನುಷ್ಯ ಅವನು. ಎಲ್ಲರೂ ಟೋಪಿ ತೆಗೆದು ತಲೆತಗ್ಗಿಸಿ ನಿಂತಿದ್ದಾಗ, ಗೋಲ್ ಕಂಬಗಳ ಹಿಂದಿರುವ ಚಹಾ ಕೋಣೆಯ ಬಾಗಿಲಲ್ಲಿ, ನನ್ನ ಜೊತೆ ಕೆಲಸ ಮಾಡುವ ಬೆರಿಲ್, ಮೌನ ಶುರುವಾದದ್ದು ತಿಳಿಯದೆ, ಎರಡು ಕೈಯಲ್ಲಿ ಎರಡು ಬಿಳಿ ಪಾತ್ರೆ ಬಟ್ಟೆ ಹಿಡಿದು ಫಟಫಟನೆ ಕೊಡವಿದಳು. ಕಂಬದ ಮೇಲಿಂದ ತಮ್ಮ ಯಂತ್ರ, "ಗೋ...ಲ್! ಕೈ ಮೇಲೆತ್ತು ಬೆರಿಜಾಲ್, ಕುಣೀ ಕುಣೀ!" ಎಂದು ಅಬ್ಬರಿಸಿತು. ಯಾರಿಗೂ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಕ್ಲ್ಯಾರಿಯ ಹೆಂಡತಿ ಜಾಯ್ಸ್ ಮಾತ್ರ ಕಣ್ಣೊರೆಸಿಕೊಂಡು, "ಬದುಕಿದ್ದಾಗ ಒಂದು ಗೋಲೂ ಹೊಡೀಲಿಲ್ಲ ನಮ್ಮನೆಯವ್ರು, ಹೋದ್ಮೇಲಾದ್ರೂ ಒಂದಾಯ್ತಲ್ಲ ಬಿಡಿ" ಎಂದಳು.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ, ತಮ್ಮ ಅಮೂಲ್ಯ ಸಮಯ ಹಾಳು ಮಾಡುತ್ತಿರಲಿಲ್ಲ. ಆದರೆ ಮಾನ್ಯರೇ, ನಮ್ಮ ಯಜಮಾನರ ವಿಷಯ ತಮಗೆ ಅರಿಕೆ ಮಾಡಿಕೊಳ್ಳಲೇಬೇಕು.

ನಮ್ಮವರು ನೆವಿಲ್, ಊರಿಗೆಲ್ಲ ನೆವ್. ಅರ್ಧ ಆಯಸ್ಸು ಈ ಲೀಗಿನಲ್ಲಿ ಗೋಲ್ ಅಂಪೈರಾಗಿ ಬಾವುಟ ಬೀಸಿದವರು. ಹೋದ ವರ್ಷದ ಹಿಂದಿನ ಚಳಿಗಾಲದಲ್ಲಿ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಮಾತೆಲ್ಲ ಹೋಯಿತೆಂದರೆ ತಪ್ಪಾದೀತು, ಒಂದು ಪದ ಉಳಿದಿದೆ, ಅದು ಕಾಗದದಲ್ಲಿ ಬರೆಯುವಂಥದ್ದಲ್ಲ. ಚಹಾ ಬೇಕೆಂದರೂ ಅದೇ, ಮಗಳು ಬಂದ ಸಂತೋಷಕ್ಕೂ ಅದೇ, ಪಾದ್ರಿಗಳು ತಲೆಯ ಮೇಲೆ ಕೈಯಿಟ್ಟು ಹರಸಿದಾಗಲೂ ಅದೇ. ಶನಿವಾರ ನಾನು ಕಾರನ್ನು ಬೇಲಿಗೆ ನಿಲ್ಲಿಸಿದ ಮೇಲೆ ಗ್ಯಾರೇಜಿನ ರಾಸ್ ಶುಲ್ಟ್ಸ್, ಅವನೇ ನಮ್ಮ ಕ್ಲಬ್ಬಿನ ಅಧ್ಯಕ್ಷ, ಬಂದು ಅವರನ್ನು ಎತ್ತಿ ಚಾಲಕನ ಸೀಟಿಗೆ ಕೂರಿಸುತ್ತಾನೆ, ಎಡಗೈಗೆ ಹಾರ್ನ್ ಸಿಗಲಿ ಎಂದು. ಅಲ್ಲಿಂದ ಅವರದೇ ರಾಜ್ಯಭಾರ. ಗೋಲಿಗೆ ಉದ್ದನೆಯ ಹಾರ್ನ್, ಒಂದಂಕಕ್ಕೆ ಮೊಟಕು ಹಾರ್ನ್, ಅದೂ ಎರಡೂ ಕಡೆಯವರಿಗೆ. ಎದುರಾಳಿ ಹೊಡೆದ ಗೋಲಿಗೂ ಅವರು ಒತ್ತಿದಾಗ ಪಕ್ಕದ ಕಾರಿನವರು, "ಲೇ ನೆವ್, ಯಾರ ಕಡೆಯವನೋ ನೀನು? ಊಟ ಇಲ್ಲಿ, ಕೂಗು ಅಲ್ಲಿಗಾ?" ಎಂದು ರೇಗಿಸುವುದು, ಇವರು ಗಾಜು ಇಳಿಸಿ ತಮ್ಮ ಆ ಒಂದು ಪದದಲ್ಲಿ ಉತ್ತರ ಕೊಡುವುದು. ವಾರದಲ್ಲಿ ಅವರು ಊರಿನೊಡನೆ ಆಡುತ್ತಿದ್ದ ಮಾತು ಅಷ್ಟೇ.

ಕ್ಲ್ಯಾರಿಯ ಮೌನದ ದಿನವೇ, ನಾನು ಚಹಾ ಕೋಣೆಯಲ್ಲಿದ್ದಾಗ, ರಾಸ್ ನಮ್ಮ ಕಾರಿನ ಹಾರ್ನಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ. ಅವನ ಮೇಲೆ ನನಗೆ ಸಿಟ್ಟಿದೆ, ಆದರೆ ಅವನ ಕಷ್ಟವೂ ಗೊತ್ತಿದೆ. ಎಷ್ಟೋ ವರ್ಷದ ಮೇಲೆ ನಮ್ಮ ಕ್ಲಬ್ಬು ಫೈನಲ್ ಪಂದ್ಯಗಳ ಬಾಗಿಲಿಗೆ ಬಂದಿತ್ತು, ಎರಡು ಪಂದ್ಯ ಗೆದ್ದು ಅಂಕ ಉಳಿಸಿಕೊಂಡರೆ ಸಾಕಿತ್ತು. ನಾನು ಚಹಾ ಹಿಡಿದು ಕಾರಿನ ಹತ್ತಿರ ಹೋಗುವ ಹೊತ್ತಿಗೆ ಮೊದಲ ಗೋಲ್ ಆಗಿತ್ತು. ನೆವ್ ಹಾರ್ನ್ ಒತ್ತುತ್ತಿದ್ದರು, ಸದ್ದಿಲ್ಲ. ಮತ್ತೆ ಒತ್ತಿದರು. ಎಡಗೈಯನ್ನು ಮುಖದ ಹತ್ತಿರ ತಂದು ತಿರುಗಿಸಿ ತಿರುಗಿಸಿ ನೋಡಿದರು, ಆಮೇಲೆ ತೊಡೆಯ ಮೇಲೆ ಇಟ್ಟುಬಿಟ್ಟರು. ಉಳಿದ ಕೈಯೂ ಹೋಯಿತೆಂದು ತಿಳಿದರು ಮಾನ್ಯರೇ. "ಕೈಗೇನೂ ಆಗಿಲ್ಲ ಕಣ್ರೀ, ಹಾರ್ನ್ ಕೆಟ್ಟಿದೆ" ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಆ ವಾರವೆಲ್ಲ ಚಮಚ ಹಿಡಿಯಲಿಲ್ಲ, ಲೋಟ ಎತ್ತಲಿಲ್ಲ, ತಮ್ಮ ಆ ಒಂದು ಪದವನ್ನೂ ಆಡಲಿಲ್ಲ. ಅದನ್ನು ಕೇಳಿ ಕೇಳಿ ತಲೆಚಿಟ್ಟು ಹಿಡಿದಿದ್ದ ನಾನು, ಒಂದು ಸಲ ಬೈಯಿರಿ ಅಂತ ಅಡುಗೆಮನೆಯಲ್ಲಿ ನಿಂತು ಅತ್ತೆ.

ಆ ಪಂದ್ಯ ಗೆದ್ದಿದ್ದೆವು. ಕೊನೆಯ ಪಂದ್ಯ ಮಿರ್ಟೂಕ್ ಊರಿನವರ ಮೇಲೆ, ನಮ್ಮದೇ ಮೈದಾನದಲ್ಲಿ. ಗೆದ್ದರೆ ನಾವು ಫೈನಲ್‌ಗೆ, ಇಲ್ಲದಿದ್ದರೆ ಅವರು. ಅರ್ಧ ಆಟದ ವಿರಾಮದಲ್ಲಿ ನಾನು ಕಾರಿನಲ್ಲಿ ಕೂತು ಪೈಯನ್ನು ಊದಿ ಊದಿ ನೆವ್ ಬಾಯಿಗಿಡುತ್ತಿದ್ದೆ. ರಾಸ್ ಬಂದು ಇಣುಕಿದ.

"ಯಾಕೆ ಗ್ಲೆನಿಸ್, ಆ ಕೈಗೇನಾಯ್ತು?"

"ನೀನು ಫ್ಯೂಸ್ ಕಿತ್ತೆಯಲ್ಲ, ಅದಾಯ್ತು."

ನೆವ್ ಏನೆಂದು ತಿಳಿದಿದ್ದಾರೆಂದು ರಾಸ್‌ಗೆ ಆಗ ಹೊಳೆಯಿತು. ಮುಖ ಕೆಂಪಗಾಯಿತು. ಬಾನೆಟ್ ಎತ್ತಿ ಫ್ಯೂಸ್ ಮತ್ತೆ ಹಾಕಿದ. ಮುಕ್ಕಾಲು ಆಟ ಮುಗಿದಾಗ ಕೋಚ್ ಹುಡುಗರಿಗೆ ಬುದ್ಧಿ ಹೇಳುವುದನ್ನು ಕೇಳಲು ಊರವರೆಲ್ಲ ಮೈದಾನದೊಳಗೆ ಹೋಗಿ ಸುತ್ತುಗಟ್ಟಿ ನಿಲ್ಲುತ್ತೇವಲ್ಲ, ಅಲ್ಲಿ ರಾಸ್ ಕೋಚನ್ನು ತಡೆದು, "ಹುಡುಗರಾ, ಒಂದ್ ಮಾತು. ನೆವ್ ಇವತ್ತು ಹಾರ್ನ್ ಒತ್ತಿದ್ರೆ ಒತ್ತಲಿ ಅಂತ ನಾನೇ ಹೇಳ್ತಿದೀನಿ. ಗೆದ್ರೂ ಪಾಯಿಂಟ್ ಸಿಗಲ್ಲ. ಬೈಯೋದಿದ್ರೆ ನನ್ನ ಬೈರಿ" ಎಂದ. ಕೆಸರು ಮೆತ್ತಿದ ಮುಖಗಳು ಒಂದನ್ನೊಂದು ನೋಡಿಕೊಂಡವು. ಮುಂದಿನ ಸಾಲಿನ ಆಟಗಾರ ಟೋಬಿ ಕಾಲುಚೀಲ ಎಳೆದುಕೊಳ್ಳುತ್ತ, "ಹಂಗಾದ್ರೆ ಗೋಲ್ ಹೊಡಿಯೋಣ ನಡಿರೋ, ಗೋಲಿಲ್ದೆ ಮುದುಕಪ್ಪ ಸುಮ್ನೆ ಏನಕ್ಕಂತ ಒತ್ತುತ್ತಾನೆ" ಎಂದ. ನಾನು ಅಲ್ಲಿ ನಿಲ್ಲಲಾರದೆ ಕಾರಿಗೆ ಬಂದುಬಿಟ್ಟೆ.

ರಾಸ್ ನೆವ್ ಪಕ್ಕದಲ್ಲಿ ಕೂತ, ನಾನು ಹಿಂದಿನ ಸೀಟಿನಲ್ಲಿ. ಟೋಬಿ ಗೋಲ್ ಹೊಡೆದ, ತಮ್ಮ ಯಂತ್ರ ಅರಚಿತು, ನೆವ್ ಅಲುಗಲಿಲ್ಲ. ಇನ್ನೊಂದಾಯಿತು. "ಒತ್ತೋ ನೆವ್, ಒತ್ತೋ ಮಾರಾಯ" ಎಂದು ರಾಸ್ ಗೋಗರೆದ, ಉಹೂಂ. ಅಷ್ಟರಲ್ಲಿ ಮಿರ್ಟೂಕಿನವನೊಬ್ಬ ಅಂಚಿನಲ್ಲಿ ಓಡುತ್ತ, ಬಾಗಿದ ಮೈಯಲ್ಲೇ ಎಂಥ ಚೆಂದದ ಗೋಲ್ ಹೊಡೆದನೆಂದರೆ, ನೆವ್‌ಗೆ ಮೈಮರೆತು ಕೈ ಎದ್ದುಬಿಟ್ಟಿತು. ಬಾರಿಸಿತು ನೋಡಿ ಹಾರ್ನ್! ಎದುರಾಳಿಯ ಗೋಲಿಗೆ! ಮೈದಾನವೆಲ್ಲ ಬೆಚ್ಚಿ ತಿರುಗಿತು. ನೆವ್ ತಮ್ಮ ಕೈಯನ್ನು ನೋಡಿಕೊಂಡರು, ರಾಸ್‌ನನ್ನು ನೋಡಿದರು, ಗಾಜು ಇಳಿಸಿ ಆ ಪದವನ್ನು ಮಿರ್ಟೂಕಿನವರಿಗೂ ಕೇಳುವ ಹಾಗೆ ಕೂಗಿದರು. ಹೇಗೂ ಅಂಕ ಹೋಯಿತಲ್ಲ ಎಂದು ಮೊದಲು ನಮ್ಮವರು, ಆಮೇಲೆ ಮಿರ್ಟೂಕಿನವರು, ಎಲ್ಲ ಕಾರುಗಳೂ ಹಾರ್ನ್ ಒತ್ತತೊಡಗಿದವು. ಯಂತ್ರ ಏನೇನು ಕೂಗಿತೋ, ಯಾರಿಗೂ ಕೇಳಿಸಲಿಲ್ಲ.

ಪಂದ್ಯ ನಾವು ಗೆದ್ದೆವು, ಅಂಕ ತಾವು ಕಡಿದಿರಿ, ಫೈನಲ್‌ಗೆ ಮಿರ್ಟೂಕ್ ಹೋಯಿತು. ಆ ಹುಡುಗರ ಮುಖ ನೋಡಿ ನನಗೆ ಸಂಕಟವಾಯಿತು, ಸುಳ್ಳೇಕೆ ಹೇಳಲಿ. ಆದರೂ ಅಂಕ ಹಿಂತಿರುಗಿಸಿ ಎಂದು ಬೇಡಲು ಈ ಪತ್ರವಲ್ಲ. ಅಂಕ ತಾವೇ ಇಟ್ಟುಕೊಳ್ಳಿ, ಚೌಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗುಹಾಕಿ. ನನ್ನ ಬೇಡಿಕೆ ತೀರ ಸಣ್ಣದು. ಮುಂದಿನ ವರ್ಷವೂ ನಿಯಮ ಹೀಗೇ ಇರುವುದಾದರೆ, ಪ್ರತಿ ಶನಿವಾರ ತಾವೇ ಖುದ್ದಾಗಿ ಬಂದು, ನಮ್ಮ ಕಾರಿನ ಫ್ಯೂಸನ್ನು ತಮ್ಮ ಕೈಯಾರೆ ಕಿತ್ತು, ಮೊದಲ ಗೋಲ್ ಆಗುವ ತನಕ ನೆವ್ ಪಕ್ಕದಲ್ಲಿ ಕೂತಿರಬೇಕು. ಅವರು ತಮ್ಮ ಕೈಯನ್ನು ತಿರುಗಿಸಿ ನೋಡಿಕೊಳ್ಳುವಾಗ, ಪ್ರೇಕ್ಷಕ ಅನುಭವ ಎಂದರೇನೆಂದು ಅವರಿಗೆ ತಾವೇ ವಿವರಿಸಬೇಕು. ಗೋಡೆಯ ಮೇಲಿನ ಚಿತ್ರಗಳ ಸಮೇತ ಬಂದರೂ ಅಡ್ಡಿಯಿಲ್ಲ.

ಇಂತು ತಮ್ಮ ಆರೋಗ್ಯವನ್ನೂ ಶ್ರವಣಶಕ್ತಿಯನ್ನೂ ಸದಾ ಹಾರೈಸುವ,

ತಮ್ಮ ವಿಶ್ವಾಸಿ,
ಗ್ಲೆನಿಸ್ ಪೆಡ್ಲರ್
ಬೆರಿಜಾಲ್

ಮರೆತಿದ್ದ ಮಾತು: ತಮ್ಮ ನಿಯಮವನ್ನು ರಾಸ್ ಮತ್ತೆ ಮತ್ತೆ ಓದಿ ನೋಡಿದ. ಹಾರ್ನಿಗೆ ಶಿಕ್ಷೆ ಅಂಕ ಕಡಿತ, ಬೇರೇನೂ ಬರೆದಿಲ್ಲ. ಆದರೆ ಫೈನಲ್ ಪಂದ್ಯಗಳಿಗೆ ಪಟ್ಟಿಯ ಅಂಕವೇ ಇರುವುದಿಲ್ಲವಲ್ಲ ಮಾನ್ಯರೇ, ಗೆದ್ದವರು ಮುಂದಕ್ಕೆ, ಸೋತವರು ಮನೆಗೆ, ಇಲ್ಲದ್ದನ್ನು ಕಡಿಯುವುದು ಹೇಗೆ? ಈ ಸಂಗತಿ ಎರಡೂ ಊರಿನಲ್ಲಿ ಹಬ್ಬಿದೆ, ಅಂದು ಹಾರ್ನ್ ಬಾರಿಸಲೆಂದು ರಾಸ್‌ನ ಗ್ಯಾರೇಜಿನ ಮುಂದೆ ಕಾರಿನ ಬ್ಯಾಟರಿ ಚಾರ್ಜ್ ಮಾಡಿಸುವವರ ಸಾಲು ನಿಂತಿದೆ. ಮಿರ್ಟೂಕ್ ಕ್ಲಬ್ಬಿನ ಅಧ್ಯಕ್ಷೆ ಫೋನ್ ಮಾಡಿ, "ಗ್ಲೆನಿಸ್, ನಮ್ಮ ಫೈನಲ್‌ಗೆ ನೆವ್‌ನ ಕರ್ಕೊಂಡೇ ಬಾ, ಗೋಲ್ ಕಂಬದ ಹತ್ರನೇ ಜಾಗ ಹಿಡಿದಿಟ್ಟಿದೀವಿ" ಎಂದಿದ್ದಾಳೆ. ತಾವು ಬರುವುದಾದರೆ ಕಿವಿಗೆ ಹತ್ತಿ ತನ್ನಿ, ಸ್ಕೋನನ್ನೂ ಮನೆಯಿಂದಲೇ ಕಟ್ಟಿಸಿಕೊಂಡು ಬನ್ನಿ. ಅಂದು ನಾನು ಚಹಾ ಕೋಣೆಯಲ್ಲಿರುವುದಿಲ್ಲ, ನಮ್ಮವರ ಪಕ್ಕದಲ್ಲಿ ಕೂತು ಆಟ ನೋಡುತ್ತಿರುತ್ತೇನೆ.