ಹಲ್ಲುಪುಡಿ ಪೇಟೆಗೆ ಹೋದ ದಾರಿ

ಹೊಸ ಸರಕೊಂದನ್ನು ಪೇಟೆಗೆ ಬಿಡುವವನು ಭಯವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ದಿನಾ ಬೆಳಿಗ್ಗೆ ಬಂದು ಬಾಗಿಲು ತಟ್ಟುತ್ತದೆ.

ಯೋಚನೆ

ನಾನು ಬಿ.ಎಸ್ಸಿ. ಮುಗಿಸಿದ ಹೊಸತು. ಮಾಮೂಲ್‌ಪೇಟೆಯ ದಿನಸಿ ಸಾಹುಕಾರರೊಬ್ಬರು ಕರೆದು ಕೆಲಸ ಕೊಟ್ಟರು.

"ಜನ ಇನ್ನೂ ಇದ್ದಿಲಲ್ಲೇ ಹಲ್ಲುಜ್ತಾರೆ. ನೀವೊಂದು ಬಿಳೀ ಹಲ್ಲುಪುಡಿ ಮಾಡಿ, ಬಿ.ಎಸ್ಸಿ.ಯವರೇ. ಆದ್ರೆ ನಮ್ಮಮ್ಮ ಒಪ್ಪದೆ ಯಾವ ಸರಕೂ ಅಂಗಡಿ ಮೆಟ್ಟಿಲು ಹತ್ತಲ್ಲ. ಅವರು ಬೇಡ ಅಂದ್ರೆ ನೀವು ಬೇರೆ ಕೆಲಸ ನೋಡ್ಕೋಬೇಕು."

ವಿವರ ತಿಳಿದಿರಲಿ ಎಂದು, "ಅಮ್ಮನವರ ಹಲ್ಲು ಹೇಗಿವೆ?" ಎಂದು ಕೇಳಿದೆ.

"ಒಂದೂ ಇಲ್ಲ."

ಪರೀಕ್ಷೆ

ಸೀಮೆಸುಣ್ಣದ ಪುಡಿಗೆ ಲವಂಗದೆಣ್ಣೆ, ಪೆಪ್ಪರ್‌ಮಿಂಟ್ ಎಣ್ಣೆ ಬೆರೆಸಿ ಜರಡಿ ಹಿಡಿದೆ. ಸಾಹುಕಾರರ ಎದುರಿಗೇ ಅಂಗಡಿಯ ಗುಮಾಸ್ತರು ಹಲ್ಲುಜ್ಜಿದರು. ಉಜ್ಜಿ, ಬಾಯಿ ತೆರೆದು ನಿಂತರು. ಮಾತಿಲ್ಲ. ನೀರು ಕೊಟ್ಟೆ, ಕುಡಿದರೂ ಮಾತಿಲ್ಲ.

ಸಾಹುಕಾರರು ಅತ್ತ ಹೋದ ಮೇಲೆ ಗುಮಾಸ್ತರು ಪಿಸುಗುಟ್ಟಿದರು: "ಚೆನ್ನಾಗಿಲ್ಲ ಅಂದ್ರೆ ನಿಮ್ಮ ಕೆಲಸ ಹೋಗುತ್ತೆ. ಚೆನ್ನಾಗಿದೆ ಅಂದ್ರೆ ದಿನಾ ನನ್ನ ಮೇಲೇ ಪರೀಕ್ಷೆ. ಅದಕ್ಕೇ ತೆಗೆದ ಬಾಯಿ ಹಾಗೇ ಬಿಟ್ಟೆ."

ಚೀಟಿ

ಡಬ್ಬಿಗೆ ಅಂಟಿಸುವ ಚೀಟಿಯನ್ನು ಅವೆನ್ಯೂ ರಸ್ತೆಯಲ್ಲಿ ಅಚ್ಚು ಹಾಕಿಸಿದೆವು. ನಗುವ ಹೆಂಗಸಿನ ಚಿತ್ರ ಕೇಳಿದ್ದೆ. ಬಂದದ್ದು ಹಲ್ಲು ಕಚ್ಚಿ, ಹುಬ್ಬು ಗಂಟಿಕ್ಕಿದ ಮುಖ. ನನಗೇ ಹೆದರಿಕೆಯಾಯಿತು.

"ಇರಲಿ ಬಿಡಿ," ಎಂದರು ಸಾಹುಕಾರರು. "ಹಲ್ಲುಜ್ಜದೋರು ಹೀಗಾಗ್ತಾರೆ ಅಂತ ತಿಳ್ಕೊಳ್ಳಲಿ."

ಪೂಜೆ, ಪೇಟೆ

ಮೊದಲ ಡಬ್ಬಿ, ಚೀಟಿ ಅಂಟಿಸುವ ಮುಂಚೆಯೇ, ಚಾಮರಾಜಪೇಟೆಯ ಸಾಹುಕಾರರ ಮನೆಯ ದೇವರ ಮುಂದೆ ಕೂತಿತು. ಸ್ನಾನ ಮಾಡಿ ಬಂದ ಅಮ್ಮ ಬಿಳಿ ಪುಡಿಯನ್ನು ವಿಭೂತಿಯೆಂದುಕೊಂಡು, ಒದ್ದೆ ಕೈಯಲ್ಲಿ ಹಣೆಗೆ ಮೂರು ಪಟ್ಟೆ ದಪ್ಪಗೆ ಎಳೆದುಕೊಂಡರು.

ಒಳಗಿಂದ "ಶಿವನೇ!" ಎಂಬ ಕೂಗು. ಸಾಹುಕಾರರು, ಗುಮಾಸ್ತರ ಜೊತೆ ಹಜಾರದಲ್ಲಿದ್ದ ನಾನು ಚಪ್ಪಲಿ ಎಲ್ಲಿದೆಯೆಂದು ನೋಡಿದೆ.

ಪೆಪ್ಪರ್‌ಮಿಂಟ್ ಘಾಟಿಗೆ ಕಣ್ಣೀರು ಸುರಿಸುತ್ತ ಅಮ್ಮ ಹೊರಗೆ ಬಂದರು. "ಯಾರೋ ಇದನ್ನ ಮಾಡಿದ್ದು?"

ಸಾಹುಕಾರರು, ಗುಮಾಸ್ತರು ಇಬ್ಬರೂ ನನ್ನತ್ತ ಬೆರಳು ತೋರಿಸಿದರು.

"ನಿನ್ ಹೊಟ್ಟೆ ತಣ್ಣಗಿರ್ಲಿ ಕಣಪ್ಪ! ನಿನ್ನೆಯಿಂದ ತಲೆ ಸಿಡೀತಿತ್ತು, ಈಗ ಬಿಟ್ಟೇಹೋಯ್ತು."

ಕೆಲಸ ಉಳಿಯಿತು, ಹಲ್ಲುಪುಡಿ ಉಳಿಯಲಿಲ್ಲ. ಅಮ್ಮನ ಮಾತೇ ಕಡೆ. ಸರಕು ತಲೆನೋವಿನ ಪುಡಿಯೆಂದು ಅಂಗಡಿಗೆ ಬಂತು. ಚೀಟಿಯಲ್ಲಿ ಹೆಸರು ಬದಲಾಯಿತು. ಚಿತ್ರ ಬದಲಿಸಬೇಕಾಗಲಿಲ್ಲ.

ವಾರದೊಳಗೆ ಗಿರಾಕಿಯೊಬ್ಬರು ಖಾಲಿ ಡಬ್ಬಿ ಹಿಡಿದು ಬಂದರು. ನಾನು ಬೇಳೆ ಮೂಟೆಯ ಹಿಂದೆ ಸರಿದೆ.

"ನನ್ನ ತಲೆನೋವು ಹಾಗೇ ಇದೆ ಸ್ವಾಮಿ. ಆದ್ರೆ ನಮ್ಮತ್ತೆ ಗೊತ್ತಿಲ್ದೆ ಇದ್ರಲ್ಲಿ ಹಲ್ಲುಜ್ಜಿದ್ರು. ಹಲ್ಲು ಫಳಫಳ ಅಂತಿದೆ! ಇನ್ನೆರಡು ಡಬ್ಬಿ ಕೊಡಿ."

ಸಾಹುಕಾರರು ಮೂಟೆಯ ಕಡೆ ತಿರುಗಿದರು.

"ಕೇಳಿಸ್ತೇನ್ರೀ ಬಿ.ಎಸ್ಸಿ.ಯವರೇ? ಹಲ್ಲುಪುಡಿ ಮಾಡಿ ಅಂತ ನಾನು ಮೊದಲೇ ಬಡ್ಕೊಂಡೆ. ನೀವು ನನ್ನ ಮಾತು ಎಲ್ಲಿ ಕೇಳಿದ್ರಿ!"