ಚಂಡಿಕೆಂಪಿನ ಘಾಟು

ಬಹಳ ಹಿಂದೆ, ಅಂದರೆ ಯಾರೂ ಮಾನನಷ್ಟ ಮೊಕದ್ದಮೆ ಹೂಡಲಾಗದಷ್ಟು ಹಿಂದೆ, ಕಂಕಣಾವತಿ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ಉಗ್ರಪ್ರತಾಪರು. ಹೆಸರು ಉಗ್ರವಾದರೂ ಪ್ರಭುಗಳ ನಾಲಿಗೆ ಬಲು ಸೌಮ್ಯ. ಮೊಸರನ್ನದ ಒಗ್ಗರಣೆಯಲ್ಲಿ ಮೆಣಸಿನಕಾಯಿ ಕಂಡರೆ ಅಡುಗೆಯವನನ್ನು ವರ್ಗ ಮಾಡುತ್ತಿದ್ದರು.

ಒಮ್ಮೆ ನೆರೆರಾಜ್ಯದ ರಾಯಭಾರಿ ಔತಣ ಮುಗಿಸಿ ಕೈ ತೊಳೆಯುತ್ತ, "ಊಟ ಚೆನ್ನಾಗಿತ್ತು, ಸ್ವಲ್ಪ ಸಪ್ಪೆ" ಎಂದ. ಆ ಮಾತು ಪ್ರಭುಗಳ ಎದೆಗೆ ನಾಟಿತು. ಮೂರು ದಿನ ಅವರು ಒಂದೂ ಉದ್ಘಾಟನೆ ಮಾಡಲಿಲ್ಲ. ನಾಲ್ಕನೆಯ ದಿನ ತೋಟಗಾರಿಕಾ ಮಂತ್ರಿ ವಾಗ್ಭೂಷಣರು ಪರಿಹಾರದೊಂದಿಗೆ ಬಂದರು.

"ಮಹಾಪ್ರಭು, ಖಾರವೆಂಬುದು ಶೌರ್ಯದ ಸೂಚ್ಯಂಕ. ಲೋಕದಲ್ಲೇ ಅತಿ ಖಾರವಾದ ಚಂಡಿಕೆಂಪು ಮೆಣಸಿನಕಾಯಿಯನ್ನು ಮನೆಮನೆಯ ಕುಂಡದಲ್ಲಿ ಬೆಳೆಸೋಣ."

"ನಾವೂ ತಿನ್ನಬೇಕೆ?"

"ಎಲ್ಲಾದರೂ ಉಂಟೆ, ಪ್ರಭು? ತಿನ್ನುವುದು ಪ್ರಜೆಗಳ ಸಹಭಾಗಿತ್ವ. ತಾವು ಹಿಡಿದು ಫೋಟೊ ತೆಗೆಸಿಕೊಂಡರೆ ಸಾಕು."

ಹೀಗೆ ರಾಜಶಾಸನ ಹೊರಟಿತು. ಮನೆಗೆ ನಾಲ್ಕು ಕುಂಡ ಕಡ್ಡಾಯ, ಸಪ್ಪೆ ಮೆಣಸಿನ ಗಿಡಗಳು ಹಂತಹಂತವಾಗಿ ರದ್ದು. ನೀರು ಕಡಿಮೆಯಾದಷ್ಟೂ ಮೆಣಸಿನ ಖಾರ ಹೆಚ್ಚುತ್ತದೆ ಎಂದು ಯಾರೋ ಮಂತ್ರಿಗಳ ಕಿವಿಯಲ್ಲಿ ಹೇಳಿದ್ದರಿಂದ ನಲ್ಲಿಯಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು ಬಿಡತೊಡಗಿದರು. ಮೊದಲೂ ನಾಲ್ಕು ದಿನಕ್ಕೊಮ್ಮೆಯೇ ಬರುತ್ತಿತ್ತು. ಆಗ ಅದು ಅಭಾವವಾಗಿತ್ತು, ಈಗ ಯೋಜನೆಯಾಯಿತು.

ಅರಮನೆಯ ಹಿಂದಿನ ಓಣಿಯಲ್ಲಿ ದ್ಯಾಮವ್ವ ಎಂಬ ವಿಧವೆ ಮಿರ್ಚಿ ಬಜ್ಜಿಯ ಬಂಡಿ ಇಟ್ಟುಕೊಂಡಿದ್ದಳು. ಮಾಳಿಗೆಯ ಮೇಲೆ ಎಣ್ಣೆ ಡಬ್ಬಿಗಳಲ್ಲಿ ಹನ್ನೆರಡು ಬಜ್ಜಿ ಮೆಣಸಿನ ಗಿಡಗಳಿದ್ದವು. ಅವುಗಳ ಬೀಜ ಅವಳ ಅತ್ತೆಯ ಕಾಲದಿಂದ ಬಂದದ್ದು. ಖಾರ ನಿರೀಕ್ಷಕ ಬಂದು ಹನ್ನೆರಡು ಡಬ್ಬಿಗಳಿಗೂ ಕೆಂಪು ಬಣ್ಣದಲ್ಲಿ ಗುರುತು ಹಾಕಿದ.

"ಯಪ್ಪಾ, ಇವನ್ನ ಕಿತ್ತರ ನನ್ನ ಹೊಟ್ಟಿ ಮ್ಯಾಲ ಹೊಡದಂಗ ಆಕ್ಕೈತಿ," ಎಂದಳು ದ್ಯಾಮವ್ವ. "ನಿಮ್ಮ ಚಂಡಿಕೆಂಪಿನ ಬಜ್ಜಿ ತಿಂದ ಗಿರಾಕಿ ಎರಡನೇ ಸಲ ಬರಂಗಿಲ್ರಿ."

"ನನ್ನ ಕೈಯಾಗ ಏನೈತಿ ಬೇ? ಚಂಡಿಕೆಂಪು ಚಲೋ ಬೆಳದವರಿಗೆ ರಾಜರು ಕೇಳಿದ್ದು ಕೊಡ್ತಾರಂತ. ಬೆಳಿ, ಗೆಲ್ಲು, ಹೋಗಿ ಕೇಳು."

ದ್ಯಾಮವ್ವ ಬೆಳೆದಳು. ತನಗೆ ಕುಡಿಯಲು ಇಟ್ಟುಕೊಂಡ ನೀರಿನಲ್ಲೇ ಪಾಲು ಕೊಟ್ಟು ಬೆಳೆದಳು. ಕೈಗೆ ಬಟ್ಟೆ ಸುತ್ತಿಕೊಂಡು ಕೊಯ್ದಳು. ಸ್ಪರ್ಧೆಯಲ್ಲಿ ಅವಳ ಗಿಡವೇ ಗೆದ್ದಿತು. ಆಸ್ಥಾನದಲ್ಲಿ ಕುಂಡ ಹೊತ್ತು ನಿಂತಾಗ ಅವಳ ಬಾಯಲ್ಲಿ ಒಂದೇ ಮಾತು ಸಿದ್ಧವಾಗಿತ್ತು: ನನ್ನ ಗಿಡ ಬಿಟ್ಟುಬಿಡಿ.

ಪ್ರಭುಗಳು ಫೋಟೊಗಾಗಿ ಹಣ್ಣೊಂದನ್ನು ಕಿತ್ತು ಮುರಿದರು, ಮುಗುಳ್ನಕ್ಕರು, ಅದೇ ಕೈಯಿಂದ ಕಣ್ಣೊರೆಸಿಕೊಂಡರು. ಮರುಕ್ಷಣ ಕಿರೀಟ ಒಂದು ಕಡೆ, ಪ್ರಭುಗಳು ಒಂದು ಕಡೆ.

ಕೈ ತೊಳೆಯದೆ ಕಣ್ಣು ಮುಟ್ಟಿದರೆ ಉರಿಯುತ್ತದೆ ಎಂಬುದು ಅಡುಗೆಮನೆಯ ಬೆಕ್ಕಿಗೂ ಗೊತ್ತು. ಆದರೆ ತಪ್ಪು ರಾಜರದೆನ್ನಲು ಆಸ್ಥಾನದ ನಿಯಮಾವಳಿಯಲ್ಲಿ ಅವಕಾಶವಿಲ್ಲ. ರಾಜಪುರೋಹಿತರು ಗಂಟಲು ಸರಿಪಡಿಸಿಕೊಂಡು, "ಇದು ದೃಷ್ಟಿ" ಎಂದರು.

ದೃಷ್ಟಿ ತೆಗೆಯುವ ಪದ್ಧತಿ ನಿಮಗೆ ತಿಳಿದದ್ದೇ. ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಬೇಕು. ಘಾಟು ಬಂದರೆ ದೃಷ್ಟಿಯೇ ಆಗಿರಲಿಲ್ಲ, ಬರದಿದ್ದರೆ ದೊಡ್ಡ ದೃಷ್ಟಿ. ಪುರೋಹಿತರು ಕಿಟಕಿ ಬಾಗಿಲು ಮುಚ್ಚಿಸಿ, ಬೊಗಸೆ ತುಂಬ ಚಂಡಿಕೆಂಪನ್ನು ಕೆಂಡಕ್ಕೆ ಸುರಿದರು.

"ಘಾಟು ಬರುತ್ತಿದೆಯೆ?" ಎಂದು ಕಣ್ಣು ಮುಚ್ಚಿಕೊಂಡೇ ಪ್ರಭುಗಳು ಕೇಳಿದರು.

ಸೇನಾಪತಿಯ ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಲವಲೇಶವೂ ಇಲ್ಲ, ಪ್ರಭು."

"ಮಲ್ಲಿಗೆಯ ಕಂಪು, ಮಹಾಸ್ವಾಮಿ," ಎಂದರು ವಾಗ್ಭೂಷಣರು, ಕಂಬವನ್ನು ತಬ್ಬಿಕೊಂಡು.

"ಗೆದ್ದವಳು ಹೇಳಲಿ. ಅವಳು ಪ್ರಜೆ, ಸುಳ್ಳಾಡಳು," ಎಂದರು ಪ್ರಭುಗಳು.

ದ್ಯಾಮವ್ವನ ಗಂಟಲಲ್ಲಿ ಕೆಮ್ಮು ಒದ್ದಾಡುತ್ತಿತ್ತು. ಹೌದೆಂದರೆ ತಪ್ಪು ರಾಜರದೇ ಎಂದಾಗಿ ತನ್ನ ತಲೆ ಹೋಗುತ್ತದೆ, ಇಲ್ಲವೆಂದರೆ ಗಿಡಗಳು ಉಳಿಯುತ್ತವೆ ಎಂದುಕೊಂಡಳು. ಪಾಪ, ಅವಳ ಜಾಗದಲ್ಲಿ ನಾನಿದ್ದರೂ ಅಷ್ಟೇ ಲೆಕ್ಕ ಹಾಕುತ್ತಿದ್ದೆ. ಕೆಮ್ಮನ್ನು ನುಂಗಿ, "ಇಲ್ರಿ, ಏನೂ ಬರವಲ್ತು," ಎಂದಳು.

ಸಭೆ ಜಯಕಾರ ಮಾಡಿತು. ದೃಷ್ಟಿ ಸಾಬೀತಾಯಿತು, ಅದೂ ಪ್ರಜಾಭಿಪ್ರಾಯದ ಬೆಂಬಲದೊಡನೆ. ಇನ್ನು ಉಳಿದದ್ದು ಯಾರ ದೃಷ್ಟಿ ಎಂಬ ಪ್ರಶ್ನೆ. ವಾಗ್ಭೂಷಣರು ಕಂಬ ಬಿಟ್ಟು ಮುಂದೆ ಬಂದರು.

"ಚಂಡಿಕೆಂಪಿನ ಏಳಿಗೆ ಕಂಡು ಹೊಟ್ಟೆ ಉರಿದುಕೊಳ್ಳುವವರು ಯಾರು, ಪ್ರಭು? ಸಪ್ಪೆ ಮೆಣಸಿನಕಾಯಿಗಳು. ಇದು ಆಂತರಿಕ ಪಿತೂರಿ."

ದ್ಯಾಮವ್ವ ತನ್ನ ಕೋರಿಕೆಗೆ ಬಾಯಿ ತೆರೆಯುವಷ್ಟರಲ್ಲಿ ರಾಜಮುದ್ರೆ ಬಿದ್ದಿತ್ತು. ಹಂತಹಂತವಾಗಿ ಎಂಬುದು ರದ್ದಾಗಿ, ಅಂದೇ ಸೂರ್ಯಾಸ್ತದೊಳಗೆ ಎಲ್ಲ ಸಪ್ಪೆ ಗಿಡಗಳನ್ನೂ ಬೇರು ಸಹಿತ ಕೀಳಬೇಕೆಂದಾಯಿತು. ಅವಳಿಗೆ ಶಾಲು ಹೊದಿಸಿದರು. ಅವಳು ಓಡುತ್ತ ಮನೆ ಮುಟ್ಟಿದಾಗ ಹನ್ನೆರಡು ಡಬ್ಬಿಗಳೂ ಬರಿದಾಗಿದ್ದವು. ನಿರೀಕ್ಷಕ ಬೀಜದ ಗಂಟನ್ನೂ ಒಲೆಗೆ ಹಾಕಿ ಹೋಗಿದ್ದ.

ಚಂಡಿಕೆಂಪಿಗೆ ಸಿಂಹಾಸನದ ಪಕ್ಕದಲ್ಲೇ ಪೀಠ, ಶ್ವೇತಚ್ಛತ್ರ ದೊರೆತವು. ಮನೆಗೆ ನಾಲ್ಕಿದ್ದ ಕುಂಡಗಳು ಎಂಟಾದವು. ದೃಷ್ಟಿ ಪೂರ್ತಿ ಇಳಿಯುವವರೆಗೆ ಪ್ರತಿ ಸಂಜೆ ಎಲ್ಲರೂ ಬಾಗಿಲು ಮುಚ್ಚಿಕೊಂಡು ಒಂದು ಹಿಡಿ ಹಣ್ಣು ಸುಡಬೇಕು. ಕೆಮ್ಮು ಕೇಳಿಬಂದ ಮನೆಗೆ ನಲ್ಲಿ ಬಂದ್. ಹೀಗಾಗಿ ಕಂಕಣಾವತಿಯಲ್ಲಿ ಕೆಮ್ಮು ಸಂಪೂರ್ಣ ನಿರ್ಮೂಲನೆಯಾಗಿದೆ ಎಂದು ಆರೋಗ್ಯ ಇಲಾಖೆಯ ವರದಿ ಹೇಳುತ್ತದೆ.

ದ್ಯಾಮವ್ವನ ಬಂಡಿ ಗೋಡೆಗೆ ಒರಗಿ ನಿಂತಿದೆ. ಸಂಜೆಯಾದರೆ ಅವಳು ಕೆಂಡದ ಮುಂದೆ ಕೂತು, ಬಹುಮಾನದ ಶಾಲನ್ನು ಬಾಯಿಗೆ ತುರುಕಿಕೊಂಡು, ನಿರೀಕ್ಷಕನ ಹೆಜ್ಜೆಗಳು ಓಣಿ ದಾಟುವುದನ್ನೇ ಕಾಯುತ್ತಾಳೆ.